ಇಂಜಿನ್ ಕೆಲಸ ಆದ ಮೇಲೆ ಮೆಸ್ಸಿ 1035 ಟ್ರಾಕ್ಟರಿನಲ್ಲಿ ಬಿಳಿ ಹೊಗೆ, ಎಳೆತ ಇಲ್ಲ: ಟೈಮಿಂಗೇ ಅಂತ ಹೇಗೆ ಗೊತ್ತು ಮಾಡೋದು?

ಗುಬ್ಬಿ ರಾಗಿಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪನ ಕಾಲದ ಮೆಸ್ಸಿ 1035. ಮೂರು ಸಿಲಿಂಡರ್. ಡೀಸೆಲ್ ಪಂಪ್ ಉದ್ದದ್ದಲ್ಲ, ಡಿಪಿಎ ಅನ್ನುವ ದುಂಡಗಿನ ರೋಟರಿ ಪಂಪ್. ಬೇಸಿಗೆಯಲ್ಲಿ ಬೋರ್, ಪಿಸ್ಟನ್, ರಿಂಗ್, ಹೆಡ್ ಎಲ್ಲಾ ಮಾಡಿಸಿದೆವು. ಮುಂದಿನ ಆಯಿಲ್ ಸೀಲ್ ಸೋರುತ್ತಿತ್ತು, ಅದಕ್ಕೆ ಟೈಮಿಂಗ್ ಕವರ್ (ಮುಂದಿನ ಗೇರುಗಳ ಮುಚ್ಚಳ) ಕೂಡ ಬಿಚ್ಚಿದ್ದರು.

ಅಲ್ಲಿಂದ ಗಾಡಿ ಸರಿ ಇಲ್ಲ. ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದುಹೋಗುತ್ತದೆ. ಸ್ಟಾರ್ಟ್ ಆದರೆ ಬಿಳಿ ಹೊಗೆ, ಹತ್ತಿರ ನಿಂತರೆ ಕಣ್ಣು ಉರಿಯುತ್ತದೆ. ಬಿಸಿಯಾದ ಮೇಲೆ ಹೊಗೆ ಕಡಿಮೆ ಆಗುತ್ತದೆ. ಆದರೆ ಕಲ್ಟಿವೇಟರ್ ನೆಲಕ್ಕೆ ಬಿಟ್ಟ ತಕ್ಷಣ ಇಂಜಿನ್ ಕೂತುಬಿಡುತ್ತದೆ. ಮೊದಲು ಇದೇ ಹೊಲದಲ್ಲಿ, ಇದೇ ಗೇರಿನಲ್ಲಿ ಆರಾಮಾಗಿ ಎಳೆಯುತ್ತಿತ್ತು.

ಕೆಲಸ ಮಾಡಿದ ಗ್ಯಾರೇಜಿನವರು "ಹೊಸ ರಿಂಗ್, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರು. ಆಗಲಿಲ್ಲ. ಊರಿನ ಇನ್ನೊಬ್ಬ ಮೆಕ್ಯಾನಿಕ್ ಬಂದು ಪಂಪಿನ ನಟ್ ಸಡಿಲಿಸಿ, ಪಂಪನ್ನು ಸ್ಲಾಟಿನ ಕೊನೆವರೆಗೂ ತಿರುಗಿಸಿದರು. ಸ್ವಲ್ಪ ಬೇಗ ಸ್ಟಾರ್ಟ್ ಆಗುತ್ತಿದೆ, ಎಳೆತ ಮಾತ್ರ ಬಂದಿಲ್ಲ. ಈಗ ಒಬ್ಬರು ಪಂಪ್ ಹೋಗಿದೆ ಅಂತಾರೆ, ಇನ್ನೊಬ್ಬರು ಟೈಮಿಂಗ್, ಅಂದರೆ ಡೀಸೆಲ್ ಬೀಳುವ ಹೊತ್ತು ತಪ್ಪಿದೆ ಅಂತಾರೆ. ರಾಗಿಗೆ ಹೊಲ ಹದಕ್ಕೆ ಬಂದಿದೆ. ಸುಮ್ನೆ ಒಂದೊಂದೇ ಸಾಮಾನು ಬದಲಾಯಿಸ್ತಾ ಹೋಗೋಕೆ ದುಡ್ಡಿಲ್ಲ. ಟೈಮಿಂಗ್ ತಪ್ಪಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಮಾಲೂರು ಟ್ಯಾಂಕರ್

ಅಣ್ಣ, ಮೊದಲು ಡೀಸೆಲ್ ಲೈನಿನಲ್ಲಿ ಏರ್ ಇದೆಯಾ ನೋಡಿ. ನಮ್ಮ ಟ್ಯಾಂಕರ್ ಗಾಡಿಗೂ ಇದೇ ಆಗಿತ್ತು. ಟೊಮ್ಯಾಟೊ ತೋಟಗಳಿಗೆ ನೀರು ಹೊಡೆಯುವ ಸೀಸನ್, ಲೋಡ್ ಎಳೆಯುತ್ತಲೇ ಇರಲಿಲ್ಲ. ಡೀಸೆಲ್ ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪಿನ ವಾಷರ್ ಸವೆದಿತ್ತು. ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆಯುತ್ತದೆ. ಅದಕ್ಕೆ ಕಣ್ಣಿಗೆ ಕಾಣೋದೇ ಇಲ್ಲ. ಎರಡೂ ಫಿಲ್ಟರ್ ಹೊಸದು ಹಾಕಿ, ವಾಷರ್ ಬದಲಾಯಿಸಿ, ಏರ್ ತೆಗೆದು ನೋಡಿ.

ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯಿರಿ. ತಕ್ಷಣ ಹಿಡಿಯುತ್ತೆ.

ಹಳೇ ಮೇಸ್ತ್ರಿ, ತುಮಕೂರು

ಪೆಟ್ರೋಲ್ ಬಟ್ಟೆ ಖಂಡಿತ ಬೇಡ. ದಯವಿಟ್ಟು ಆ ಅಭ್ಯಾಸ ಯಾರೂ ಮಾಡಬೇಡಿ. ಡೀಸೆಲ್ ಇಂಜಿನಿನಲ್ಲಿ ಪಿಸ್ಟನ್ ಮೇಲೆ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಹೊಸ ರಿಂಗ್ ಮುರಿಯೋಕೆ ಅದೊಂದು ಸಾಕು. ಟೈಮಿಂಗೂ ಅನುಮಾನ ಇರುವ ಇಂಜಿನಿಗೆ ಇನ್ನೂ ಅಪಾಯ.

ಮಾಲೂರಿನವರು ಏರ್ ಬಗ್ಗೆ ಹೇಳಿದ್ದು ಸರಿ. ಟೈಮಿಂಗ್ ಅನ್ನೋದು ಕೊನೆಗೆ ಬರಬೇಕಾದ ಅನುಮಾನ. ಓಡುತ್ತಿದ್ದ ಇಂಜಿನಿನ ಟೈಮಿಂಗ್ ತಾನಾಗಿ ಒಂದು ರಾತ್ರಿಯಲ್ಲಿ ಬದಲಾಗುವುದು ಬಹಳ ಅಪರೂಪ. ಪಂಪಿನ ನಟ್ ಸಡಿಲ ಆಗಿರಬೇಕು, ಕೀ ಸವೆದಿರಬೇಕು, ಇಲ್ಲಾ ಗೇರಿನ ಹಲ್ಲು ಹೋಗಿರಬೇಕು. ಆದರೆ ನಿಮ್ಮ ಕಥೆ ಬೇರೆ. ಕವರ್ ಬಿಚ್ಚಿದ ಮೇಲೆ ಶುರುವಾಗಿದೆ. ಅದಕ್ಕೇ ನನಗೆ ಅನುಮಾನ ಆ ಕಡೆಗೇ ಹೋಗುತ್ತಿದೆ. ಆದರೂ ಅನುಮಾನದ ಮೇಲೆ ಕವರ್ ಬಿಚ್ಚಬೇಡಿ. ಈ ಕೆಲಸಗಳನ್ನು ಮೊದಲು ಮಾಡಿ.

ಹೊಗೆ ಯಾವುದು ಅಂತ ತಿಳಿಯಿರಿ. ಹೆಡ್ ಬಿಚ್ಚಿ ಹಾಕಿದ ಗಾಡಿಯಲ್ಲಿ ಬಿಳಿ ಹೊಗೆ ಬಂದರೆ ನೀರಿನ ಆವಿಯೂ ಆಗಿರಬಹುದು, ಉರಿಯದ ಡೀಸೆಲ್ಲೂ ಆಗಿರಬಹುದು. ಹೆಡ್ ಗ್ಯಾಸ್ಕೆಟ್ ನೀರು ಬಿಡುತ್ತಿದ್ದರೆ ರೇಡಿಯೇಟರಿನಲ್ಲಿ ನೀರು ಇಳಿಯುತ್ತದೆ, ಗುಳ್ಳೆ ಬರುತ್ತದೆ. ಡೀಸೆಲ್ ಹೊಗೆಗೆ ಘಾಟು ಇರುತ್ತದೆ, ಕಣ್ಣು ಉರಿಯುತ್ತದೆ. ನೀವು ಹೇಳಿದ್ದು ಎರಡನೆಯದು. ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಪೂರ್ತಿ ಉರಿಯುತ್ತಿಲ್ಲ.

ಉರಿಯದೆ ಇರೋದಕ್ಕೆ ಕಾರಣ ಮೂರು. ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಕಡಿಮೆ ಇರಬೇಕು, ನಾಜಲ್ ಸರಿಯಾಗಿ ಸ್ಪ್ರೇ ಮಾಡದೆ ಹನಿ ಹನಿಯಾಗಿ ಬಿಡುತ್ತಿರಬೇಕು, ಇಲ್ಲವೇ ಡೀಸೆಲ್ ತಡವಾಗಿ ಬೀಳುತ್ತಿರಬೇಕು. ಮೊದಲ ಎರಡನ್ನು ನೀವೇ ಮನೆಯಲ್ಲಿ ಒಂದು ಮಟ್ಟಕ್ಕೆ ನೋಡಬಹುದು.

ಇಂಜಿನ್ ಸ್ಲೋದಲ್ಲಿ ಬಿಡಿ. ಒಂದನೇ ನಾಜಲ್‌ಗೆ ಹೋಗುವ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ, ಇಂಜಿನ್ ಸ್ವಲ್ಪ ಬಗ್ಗಬೇಕು, ಅಂದರೆ ವೇಗ ಇಳಿಯಬೇಕು. ಬಿಗಿ ಮಾಡಿ ಎರಡನೆಯದು, ಮೂರನೆಯದು. ಮೂರರಲ್ಲೂ ಒಂದೇ ತರ ಬಗ್ಗಿದರೆ ತೊಂದರೆ ಒಂದು ನಾಜಲ್‌ದಲ್ಲ, ಎಲ್ಲಾ ಸಿಲಿಂಡರಿಗೂ ಸೇರಿದ್ದು. ಯಾವುದೋ ಒಂದರಲ್ಲಿ ಬಗ್ಗಲೇ ಇಲ್ಲ ಅಂದರೆ ಆ ಸಿಲಿಂಡರಿನ ನಾಜಲ್, ವಾಲ್ವ್, ರಿಂಗ್ ನೋಡಬೇಕು. ನಟ್ ಸುತ್ತ ಬಟ್ಟೆ ಇಟ್ಟು ಸಡಿಲಿಸಿ, ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ತುದಿ ನಡುವಿನ ಸಂದು) ಕೂಡ ನೋಡಿಸಿ. ಪರ್ಕಿನ್ಸ್ 3.152 ಜಾತಿಯ ಇಂಜಿನಿಗೆ ತಣ್ಣಗಿದ್ದಾಗ 0.012 ಇಂಚು, ಅಂದರೆ 0.30 ಮಿ.ಮೀ. ನಿಮ್ಮ ಗಾಡಿ ಪುಸ್ತಕ ಇದ್ದರೆ ಅದರಲ್ಲಿರುವ ಅಳತೆಯೇ ಕೊನೆ ಮಾತು. ಹೆಡ್ ಕೆಲಸ ಆದ ಮೇಲೆ ಗ್ಯಾಪ್ ಇಲ್ಲದ ಹಾಗೆ ಬಿಗಿ ಮಾಡಿಟ್ಟರೆ ವಾಲ್ವ್ ಪೂರ್ತಿ ಮುಚ್ಚೋದಿಲ್ಲ, ಕಂಪ್ರೆಷನ್ ಸೋರುತ್ತದೆ, ಆಗಲೂ ಇದೇ ಬಿಳಿ ಹೊಗೆ.

ಶಿಡ್ಲಘಟ್ಟ ರೇಷ್ಮೆ

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು ಹಳೇ ಮಹೀಂದ್ರಾ 275. ಹಿಪ್ಪುನೇರಳೆ ತೋಟದಲ್ಲಿ ರೋಟವೇಟರ್‌ಗೆ ಇಟ್ಟಿದ್ದೇವೆ. ಹೊಗೆ ಇಲ್ಲ, ಸ್ಟಾರ್ಟೂ ಚೆನ್ನಾಗಿದೆ. ಆದರೆ ಕಟ ಕಟ ಅಂತ ಜೋರು ಶಬ್ದ. ಟೈಮಿಂಗ್ ಮುಂದೆ ಹೋಗಿದೆ, ಪಂಪ್ ತಿರುಗಿಸಬೇಕು ಅಂತ ಹೇಳಿದ್ದಾರೆ. ತಿರುಗಿಸಬಹುದಾ?

ಹಳೇ ಮೇಸ್ತ್ರಿ, ತುಮಕೂರು

ಅಕ್ಕ, ಇನ್ನೂ ತಿರುಗಿಸಬೇಡಿ. ಟೈಮಿಂಗ್ ಮುಂದೆ ಹೋದರೆ ಕಟ ಕಟ ಶಬ್ದ ಬರುವುದು ನಿಜ. ಡೀಸೆಲ್ ಬೇಗ ಬಿದ್ದು, ಒಟ್ಟಿಗೇ ಹೊತ್ತಿಕೊಂಡು, ಮೇಲೆ ಬರುತ್ತಿರುವ ಪಿಸ್ಟನ್ನಿಗೆ ಹೊಡೆಯುತ್ತದೆ. ಆದರೆ ಹಾಗಾದಾಗ ಎಲ್ಲಾ ಸಿಲಿಂಡರೂ ಒಂದೇ ತರ ಹೊಡೆಯಬೇಕು. ಮೇಲೆ ಹೇಳಿದ ನಟ್ ಪರೀಕ್ಷೆ ಮಾಡಿ. ಯಾವುದೋ ಒಂದು ನಟ್ ಸಡಿಲಿಸಿದಾಗ ಶಬ್ದ ನಿಂತರೆ ಅದು ಆ ನಾಜಲ್‌ನ ಶಬ್ದ. ಪಂಪ್ ಮುಟ್ಟೋದೇ ಬೇಡ.

ಗುಬ್ಬಿ ರಾಗಿಹೊಲ

ಮೇಸ್ತ್ರಿಯವರೇ, ಎಲ್ಲಾ ಮಾಡಿದೆ. ಫಿಲ್ಟರ್ ಎರಡೂ ಹೊಸದು, ವಾಷರ್ ಹೊಸದು, ಏರ್ ತೆಗೆದಾಯಿತು. ವ್ಯತ್ಯಾಸ ಇಲ್ಲ. ರೇಡಿಯೇಟರಿನಲ್ಲಿ ನೀರು ಇಳಿದಿಲ್ಲ. ನಟ್ ಪರೀಕ್ಷೆಯಲ್ಲಿ ಮೂರೂ ಒಂದೇ ತರ ಬಗ್ಗಿತು. ಟ್ಯಾಪೆಟ್ ಗ್ಯಾಪ್ ಸರಿ ಇದೆ. ನಾಜಲ್ ಮೂರನ್ನೂ ಪಂಪ್ ರೂಮಿಗೆ (ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ) ಕೊಟ್ಟು ಒತ್ತಡ ನೋಡಿಸಿದೆ. ಸ್ಪ್ರೇ ಚೆನ್ನಾಗಿದೆ ಅಂದರು.

ಚಿಂತಾಮಣಿ ಡಿಪ್ಲೊಮಾ

ನಾನು ಆಟೊಮೊಬೈಲ್ ಓದುತ್ತಿದ್ದೇನೆ, ಮನೆಯಲ್ಲೂ ಟ್ರಾಕ್ಟರ್ ಇದೆ. ಒಂದು ಲೆಕ್ಕ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು.

ಇಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ಕ್ರ್ಯಾಂಕ್ ಒಂದು ಸೆಕೆಂಡಿಗೆ 12,000 ಡಿಗ್ರಿ ತಿರುಗುತ್ತದೆ. ಅಂದರೆ 12 ಡಿಗ್ರಿ ತಿರುಗೋಕೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಸಾಕು. ಡೀಸೆಲ್ ಬಿದ್ದು ಹೊತ್ತಿಕೊಳ್ಳೋಕೂ ಸುಮಾರಾಗಿ ಅಷ್ಟೇ ಸಣ್ಣ ಸಮಯ ಬೇಕು. ಅದಕ್ಕೇ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಡೀಸೆಲ್ ಬಿಡುವುದು.

ಇನ್ನೊಂದು. ನಾಲ್ಕು ಸ್ಟ್ರೋಕ್ ಇಂಜಿನಿನಲ್ಲಿ ಪಂಪ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಪಂಪನ್ನು 1 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ. ನಟ್ ಸಡಿಲಿಸಿ "ಒಂಚೂರು" ತಿರುಗಿಸಿದೆ ಅನ್ನೋದು ಇಂಜಿನಿಗೆ ಒಂಚೂರಲ್ಲ. ಪಂಪನ್ನು ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧ ತಿರುಗಿಸಿದರೆ ಡೀಸೆಲ್ ಬೇಗ ಬೀಳುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ತಡ.

ಗೇರಿನ ಹಲ್ಲಿನ ಲೆಕ್ಕ ಇನ್ನೂ ದೊಡ್ಡದು. ಕ್ರ್ಯಾಂಕ್ ಗೇರಿನಲ್ಲಿ 28 ಹಲ್ಲು ಇದೆ ಅಂದುಕೊಳ್ಳಿ. ಒಂದು ಹಲ್ಲು ತಪ್ಪಿ ಕೂತರೆ ಸುಮಾರು 13 ಡಿಗ್ರಿ ವ್ಯತ್ಯಾಸ. ಅಷ್ಟನ್ನು ಪಂಪ್ ತಿರುಗಿಸಿ ಸರಿ ಮಾಡೋಕೆ ಸ್ಲಾಟಿನಲ್ಲಿ ಜಾಗ ಸಾಲದೇ ಇರಬಹುದು.

ಹಳೇ ಮೇಸ್ತ್ರಿ, ತುಮಕೂರು

ಈ ಹುಡುಗ ಹೇಳಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಗುಬ್ಬಿಯವರ ಮೊದಲ ಮಾತಿನಲ್ಲೇ ಸುಳಿವು ಇತ್ತು. ಪಂಪ್ ಸ್ಲಾಟಿನ ಕೊನೆಗೆ ಹೋಗಿದೆ, ಅಷ್ಟು ಹೋದ ಮೇಲೂ ಸ್ವಲ್ಪ ಮಾತ್ರ ಸುಧಾರಿಸಿದೆ. ಸರಿಯಾಗಿ ಜೋಡಿಸಿದ ಇಂಜಿನಿನಲ್ಲಿ ಪಂಪ್ ಫ್ಲೇಂಜಿನ ಗೀಟು ಮತ್ತು ಟೈಮಿಂಗ್ ಕೇಸಿನ ಗೀಟು ಎದುರು ಬದುರು ಇರುತ್ತವೆ. ಕೊನೆಗೆ ತಿರುಗಿಸಬೇಕಾಗಿ ಬಂತು ಅಂದರೆ ಒಳಗೆ ಗೇರ್ ತಪ್ಪಿ ಕೂತಿದೆ ಅಂತ ಅನುಮಾನ ಪಡಲೇಬೇಕು.

ಈಗ ಮುಂದಿನ ಪ್ರಶ್ನೆ: ತಪ್ಪಿರೋದು ಯಾವ ಗೇರ್? ಕ್ರ್ಯಾಂಕ್ ಗೇರ್ ಮತ್ತು ಮಧ್ಯದ ಐಡ್ಲರ್ ನಡುವೆ ತಪ್ಪಿದ್ದರೆ ವಾಲ್ವ್ ತೆರೆಯುವ ಕ್ಯಾಮೂ ತಪ್ಪುತ್ತದೆ, ಪಂಪೂ ತಪ್ಪುತ್ತದೆ. ಐಡ್ಲರ್ ಮತ್ತು ಪಂಪ್ ಗೇರ್ ನಡುವೆ ತಪ್ಪಿದ್ದರೆ ಪಂಪ್ ಮಾತ್ರ. ಇದನ್ನು ಮುಂದಿನ ಕವರ್ ಬಿಚ್ಚದೇ ತಿಳಿಯಬಹುದು. ಟ್ಯಾಪೆಟ್ ಕವರ್ ತೆಗೆದು, ಕಂಪ್ರೆಷನ್ ಬಿಡಿಸುವ ಡಿ-ಕಂಪ್ರೆಷನ್ ಲಿವರ್ ಇಲ್ಲದಿದ್ದರೆ ನಾಜಲ್ ಬಿಚ್ಚಿ, ಇಂಜಿನನ್ನು ಕೈಯಲ್ಲಿ ತಿರುಗಿಸಿ. ಒಂದನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಬರುವಾಗಲೇ ಇನ್‌ಲೆಟ್ ತೆರೆಯೋಕೆ ಶುರುವಾಗುತ್ತದೆ. ಎರಡೂ ರಾಕರ್ ತೂಗುಯ್ಯಾಲೆ ಆಡುವ ಹಾಗೆ ಕಾಣುತ್ತದೆ. ಆ ಹೊತ್ತಿಗೆ ಫ್ಲೈವೀಲಿನ ಟಿಡಿಸಿ (ಪಿಸ್ಟನ್ ಅತಿ ಮೇಲೆ ಇರುವ ಜಾಗ) ಗುರುತು ಕಿಂಡಿಯಲ್ಲಿ ಬಂದಿರಬೇಕು. ಬಂದಿದ್ದರೆ ಕ್ಯಾಮ್ ಸರಿ ಇದೆ. ಗುರುತು ದೂರ ಇದ್ದರೆ ಕ್ಯಾಮೂ ತಪ್ಪಿದೆ. ಆಗ ಸೆಲ್ಫ್ ಹೊಡೆಯೋದನ್ನೇ ನಿಲ್ಲಿಸಿ, ವಾಲ್ವ್ ಪಿಸ್ಟನ್ನಿಗೆ ತಾಗಿದರೆ ಮಾಡಿಸಿದ ಇಡೀ ಕೆಲಸ ಹೋಗುತ್ತದೆ.

ಕೋಲಾರ ಪಂಪ್ ರೂಮ್

ಇಷ್ಟೆಲ್ಲಾ ಬೇಕಾ? ಪಂಪ್ ಇಳಿಸಿ ಟೆಸ್ಟ್ ಬೆಂಚಿಗೆ ಹಾಕಿದರೆ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಡಿಪಿಎ ಪಂಪಿನಲ್ಲಿ ಅಡ್ವಾನ್ಸ್ ಮಾಡುವ ಸಣ್ಣ ಪಿಸ್ಟನ್ ಇರುತ್ತದೆ. ಒಳಗಿನ ಡೀಸೆಲ್ ಒತ್ತಡ ಏರಿದ ಹಾಗೆ ಅದು ಟೈಮಿಂಗ್ ಮುಂದೆ ತಳ್ಳುತ್ತದೆ. ಡೀಸೆಲ್‌ನಲ್ಲಿ ನೀರು ಬಂದು ತುಕ್ಕು ಹಿಡಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಒಳಗಿನ ಬ್ಲೇಡ್ ಸವೆದರೆ ಒತ್ತಡವೇ ಏರಲ್ಲ. ಹೊರಗಿನ ಗುರುತು ಎಲ್ಲಾ ಸರಿ ಇದ್ದರೂ ಗಾಡಿ ಎಳೆಯಲ್ಲ. ಇಂಥ ಪಂಪ್‌ಗಳು ನಮ್ಮ ಹತ್ತಿರ ಬರುತ್ತಲೇ ಇರುತ್ತವೆ. ಬೇಸಿಗೆಯೆಲ್ಲಾ ನಿಂತ ಗಾಡಿ ಅಂದರೆ ಇನ್ನೂ ಅನುಮಾನ.

ಹಳೇ ಮೇಸ್ತ್ರಿ, ತುಮಕೂರು

ನಿಮ್ಮ ಮಾತು ಸುಳ್ಳಲ್ಲ. ಆದರೆ ಈ ಗಾಡಿ ಗ್ಯಾರೇಜಿಗೆ ಹೋಗುವ ಮೊದಲು ಇದೇ ಪಂಪಿನಲ್ಲಿ ಎಳೆಯುತ್ತಿತ್ತು. ಗುರುತು ನೋಡುವ ಮೊದಲೇ ಪಂಪ್ ಇಳಿಸಿದರೆ ಸಾಕ್ಷಿಯೇ ಹೋಯಿತು. ಆಮೇಲೆ ತಪ್ಪು ಪಂಪಿನದಾ, ಗೇರಿನದಾ ಅಂತ ಯಾರೂ ಹೇಳೋಕೆ ಆಗಲ್ಲ. ನಾಳೆ ಗ್ಯಾರೇಜಿನವರ ಹತ್ತಿರ ಮಾತಾಡೋಕೂ ಗುಬ್ಬಿಯವರಿಗೆ ಏನೂ ಉಳಿಯಲ್ಲ. ಪಂಪ್ ಗಾಡಿಯಲ್ಲಿ ಇರುವಾಗಲೇ ಗುರುತು ನೋಡಲಿ, ಫೋಟೊ ತೆಗೆಯಲಿ. ಸರಿ ಇದ್ದರೆ ನಿಮ್ಮ ಬೆಂಚಿಗೆ ಬರಲಿ.

ಕೋಲಾರ ಪಂಪ್ ರೂಮ್

ಅದು ಒಪ್ಪುತ್ತೇನೆ. ಹಾಗಿದ್ದರೆ ಗುರುತು ನೋಡುವ ರೀತಿ ಹೇಳುತ್ತೇನೆ. ಪಂಪಿನ ಪಕ್ಕದಲ್ಲಿ ಸಣ್ಣ ತಟ್ಟೆಯಂಥ ಮುಚ್ಚಳ ಇರುತ್ತದೆ. ಸುತ್ತಲಿನ ಧೂಳು, ಮಣ್ಣು ಡೀಸೆಲ್‌ನಲ್ಲಿ ತೊಳೆದ ಮೇಲೇ ಬಿಚ್ಚಿ. ಒಳಗೆ ತಿರುಗುವ ಭಾಗದ ಮೇಲೆ ಅಕ್ಷರ ಮತ್ತು ಗೀಟು ಕೊರೆದಿರುತ್ತಾರೆ. ಪಕ್ಕದಲ್ಲಿ ಒಂದು ರಿಂಗ್ ಇರುತ್ತದೆ, ಅದರ ಒಂದು ತುದಿ ನೇರ ಇರುತ್ತದೆ. ಇಂಜಿನ್ ಒಂದನೇ ಸಿಲಿಂಡರಿನ ಕಂಪ್ರೆಷನ್‌ನಲ್ಲಿ, ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ನಿಂತಾಗ, ನಿಮ್ಮ ಪಂಪಿಗೆ ಹೇಳಿರುವ ಅಕ್ಷರದ ಗೀಟು ಆ ನೇರ ತುದಿಗೆ ಕೂಡಬೇಕು. ಯಾವ ಅಕ್ಷರ ಅನ್ನೋದು ಪಂಪ್ ಮೇಲಿನ ಪ್ಲೇಟಿನ ನಂಬರಿನಿಂದ ತಿಳಿಯುತ್ತದೆ. ಬೇರೆ ಗಾಡಿಯ ಅಕ್ಷರ ನೋಡಿ ಹೊಂದಿಸಬೇಡಿ. ಪಂಪ್ ಮೊದಲು ಎಲ್ಲಾದರೂ ಬಿಚ್ಚಿದ್ದರೆ ಆ ರಿಂಗೇ ಜರುಗಿರಬಹುದು, ಅದೂ ನೆನಪಿರಲಿ.

ಪಾವಗಡ ಕಡಲೆಕಾಯಿ

ನಮ್ಮ ಗಾಡಿಯಲ್ಲಿ ಉದ್ದನೆಯ ಮೈಕೋ ಪಂಪ್. ಅದರಲ್ಲಿ ಈ ಮುಚ್ಚಳ, ಅಕ್ಷರ ಏನೂ ಇಲ್ಲ. ನಾವು ಹೇಗೆ ನೋಡೋದು?

ಕೋಲಾರ ಪಂಪ್ ರೂಮ್

ಅದಕ್ಕೆ ಸ್ಪಿಲ್ ಟೈಮಿಂಗ್ ಅಂತಾರೆ. ಒಂದನೇ ಪೈಪ್ ಬಿಚ್ಚಿ, ಹೋಲ್ಡರ್ ತೆಗೆದು, ಒಳಗಿನ ಸ್ಪ್ರಿಂಗ್ ಮತ್ತು ಡೆಲಿವರಿ ವಾಲ್ವ್ ಹೊರಗೆ ತೆಗೆಯಬೇಕು. ಅದರ ಸೀಟ್ ಅಲ್ಲೇ ಇರಲಿ. ಹೋಲ್ಡರ್ ಮತ್ತೆ ಹಾಕಿ ಬಗ್ಗಿದ ಸಣ್ಣ ಪೈಪ್ ಕೂರಿಸಿ. ಆಕ್ಸಿಲರೇಟರ್ ಪೂರ್ತಿ ಕೊಟ್ಟಿಡಿ, ಸ್ಟಾಪ್ ಎಳೆದಿರಬಾರದು. ಡೀಸೆಲ್ ಹರಿಯುತ್ತದೆ. ಈಗ ಇಂಜಿನನ್ನು ಓಡುವ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿ. ಧಾರೆ ಸಣ್ಣಗಾಗಿ, ಹನಿಗೆ ಇಳಿದು, ನಿಲ್ಲುತ್ತದೆ. ನಿಂತ ಜಾಗವೇ ಡೀಸೆಲ್ ಒತ್ತಲು ಶುರುವಾಗುವ ಜಾಗ. ಫ್ಲೈವೀಲ್ ಗುರುತು ಓದಿ. ದಾಟಿಹೋದರೆ ಅಲ್ಲಿಂದ ಅಷ್ಟೇ ಹಿಂದಕ್ಕೆ ತಿರುಗಿಸಿ ಓದಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಗೇರುಗಳ ನಡುವಿನ ಸಡಿಲ ಸುಳ್ಳು ಹೇಳಿಸುತ್ತದೆ. ತೆಗೆದ ವಾಲ್ವನ್ನು ಶುದ್ಧ ಡೀಸೆಲ್‌ನಲ್ಲಿ ಅದ್ದಿ ಇಡಿ, ಬಟ್ಟೆಯಲ್ಲಿ ಒರೆಸಬೇಡಿ. ಒಂದು ನೂಲೆಳೆ ಸಿಕ್ಕಿದರೂ ಕೆಲಸ ಕೆಡುತ್ತದೆ.

ಗುಬ್ಬಿ ರಾಗಿಹೊಲ

ನೋಡಿದೆವು. ರಾಕರ್ ಆಡುವಾಗ ಫ್ಲೈವೀಲ್ ಗುರುತು ಕಿಂಡಿಯಲ್ಲೇ ಬಂತು. ಪಂಪಿನ ಗೀಟು ಮಾತ್ರ ದೂರ ಇದೆ. ಪಂಪನ್ನು ಮೊದಲಿನ ಜಾಗಕ್ಕೆ ತಂದರೆ ಇನ್ನೂ ದೂರ ಹೋಗುತ್ತದೆ. ಆದರೆ ಒಂದು ಭಯ. ಮುಂದಿನ ಪುಲ್ಲಿ ಮೇಲೆ ಯಾರೋ ಉಳಿಯಿಂದ ಹೊಡೆದ ಗುರುತು ಇದೆ, ಅದೂ ಫ್ಲೈವೀಲ್ ಗುರುತೂ ಕೂಡುತ್ತಿಲ್ಲ. ಯಾವುದನ್ನು ನಂಬಲಿ?

ಹಳೇ ಮೇಸ್ತ್ರಿ, ತುಮಕೂರು

ಉಳಿ ಗುರುತನ್ನು ನಂಬಬೇಡಿ. ಯಾರು ಯಾಕೆ ಹೊಡೆದರೋ ಗೊತ್ತಿಲ್ಲ. ಫ್ಲೈವೀಲನ್ನೂ ಬಿಚ್ಚಿ ಹಾಕಿರಬಹುದು, ಅದನ್ನೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಇಷ್ಟು ದೂರ ಬಂದ ಮೇಲೆ ಇದನ್ನು ಬಿಡಬೇಡಿ, ಎಲ್ಲಾ ಅಳತೆಯೂ ಟಿಡಿಸಿ ಮೇಲೆ ನಿಂತಿರೋದು.

ಒಂದನೇ ಪಿಸ್ಟನ್ ಹೆಚ್ಚು ಕಡಿಮೆ ಮೇಲಿರುವಾಗ ಆ ಸಿಲಿಂಡರಿನ ಒಂದು ವಾಲ್ವಿನ ಸ್ಪ್ರಿಂಗ್ ತೆಗೆಯಬೇಕು. ವಾಲ್ವ್ ಇಳಿದು ಪಿಸ್ಟನ್ ತಲೆ ಮೇಲೆ ಕೂರುತ್ತದೆ. ಕಾಂಡದ ತುದಿಗೆ ದಾರ ಇಲ್ಲವೇ ರಬ್ಬರ್ ಉಂಗುರ ಹಾಕಿಡಿ, ಜಾರಿ ಒಳಗೆ ಬೀಳಬಾರದು. ಅದರ ಮೇಲೆ ಡಯಲ್ ಗೇಜ್ ಇಡಿ. ಈಗ ಇಂಜಿನ್ ಆ ಕಡೆ ಈ ಕಡೆ ಸ್ವಲ್ಪವೇ ತಿರುಗಿಸಿ. ಮೇಲ್ತುದಿಯ ಹತ್ತಿರ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಾಡಿದ್ದೇ ಗೊತ್ತಾಗಲ್ಲ. ಅದಕ್ಕೆ ಮುಳ್ಳು ಅತಿ ಮೇಲೆ ಬಂದ ಜಾಗವನ್ನು ಟಿಡಿಸಿ ಅಂತ ಗುರುತು ಹಾಕಿದರೆ ತಪ್ಪಾಗುತ್ತದೆ. ಮೇಲಿನಿಂದ ಒಂದು ಅಳತೆ ಕೆಳಗೆ ಇಳಿಸಿ ಫ್ಲೈವೀಲ್ ಮೇಲೆ ಗೀಟು ಹಾಕಿ. ಇನ್ನೊಂದು ಕಡೆ ಅಷ್ಟೇ ಅಳತೆ ಇಳಿಸಿ ಇನ್ನೊಂದು ಗೀಟು. ಎರಡರ ಸರಿ ಮಧ್ಯವೇ ನಿಜವಾದ ಟಿಡಿಸಿ. ಹೆಡ್ ಬಿಚ್ಚಬೇಕಿಲ್ಲ, ಆದರೆ ಸ್ಪ್ರಿಂಗ್ ತೆಗೆದು ಗೊತ್ತಿರೋರ ಕೈಯಲ್ಲೇ ಮಾಡಿಸಿ. ವಾಲ್ವ್ ಇಳಿದಿರುವಾಗ ಸೆಲ್ಫ್ ಹತ್ತಿರ ಯಾರನ್ನೂ ಬಿಡಬೇಡಿ, ಬ್ಯಾಟರಿ ವೈರ್ ಬಿಚ್ಚಿಡಿ.

ಚಿಂತಾಮಣಿ ಡಿಪ್ಲೊಮಾ

ಡಿಗ್ರಿ ಗುರುತು ಇಲ್ಲದಿದ್ದರೆ ಟೇಪಿನಲ್ಲಿ ಅಳೆಯಬಹುದು. ಸುತ್ತಳತೆಯನ್ನು 360ರಿಂದ ಭಾಗಿಸಿ. ಫ್ಲೈವೀಲ್ ಅಡ್ಡಳತೆ 360 ಮಿ.ಮೀ. ಇದ್ದರೆ 1 ಡಿಗ್ರಿಗೆ 3.14 ಮಿ.ಮೀ. ಪುಲ್ಲಿ 180 ಮಿ.ಮೀ. ಇದ್ದರೆ 1.57 ಮಿ.ಮೀ. ದೊಡ್ಡ ಚಕ್ರದ ಮೇಲೆ ಅಳೆದಷ್ಟೂ ತಪ್ಪು ಕಡಿಮೆ.

ಗುಬ್ಬಿ ರಾಗಿಹೊಲ

ಫ್ಲೈವೀಲ್ ಗುರುತೇ ನಿಜ ಅಂತ ಖಾತ್ರಿ ಆಯಿತು. ತುಮಕೂರಿನಿಂದ ಒಬ್ಬ ಮೆಕ್ಯಾನಿಕ್ ಕರೆಸಿ ಕವರ್ ಬಿಚ್ಚಿಸಿದೆವು. ಒಳಗೆ ನೋಡಿದರೆ ಯಾವ ಗುರುತೂ ಒಂದಕ್ಕೊಂದು ಕೂಡಿಲ್ಲ. ಮೂರು ಗೇರೂ ತಪ್ಪಿದೆಯಾ ಅಂತ ಗಾಬರಿ ಆಗಿದೆ. ಫೋಟೊ ತೆಗೆದು ಹಾಗೇ ಬಿಟ್ಟಿದ್ದೇವೆ.

ಹಳೇ ಮೇಸ್ತ್ರಿ, ತುಮಕೂರು

ಗಾಬರಿ ಬೇಡ. ಐಡ್ಲರಿನ ಹಲ್ಲಿನ ಲೆಕ್ಕ ಬೇಕಂತಲೇ ಹಾಗೆ ಇಟ್ಟಿರುತ್ತಾರೆ, ಒಂದೇ ಹಲ್ಲು ಯಾವಾಗಲೂ ಅದೇ ಹಲ್ಲಿಗೆ ತಾಗಿ ಸವೆಯಬಾರದು ಅಂತ. ಅದಕ್ಕೆ ಕ್ರ್ಯಾಂಕ್ ಟಿಡಿಸಿಗೆ ಬಂದಾಗಲೆಲ್ಲಾ ಐಡ್ಲರ್ ಗುರುತು ಕೂಡೋದಿಲ್ಲ. ಎಷ್ಟೋ ಸುತ್ತು ತಿರುಗಿದ ಮೇಲೆ ಒಮ್ಮೆ ಕೂಡುತ್ತದೆ. ಕ್ರ್ಯಾಂಕ್ ಮತ್ತು ಐಡ್ಲರ್ ಚುಕ್ಕಿ ಕೂಡುವವರೆಗೂ ತಾಳ್ಮೆಯಿಂದ ಕೈಯಲ್ಲಿ ತಿರುಗಿಸಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿರಬೇಕು. ಆಗ ಕ್ಯಾಮಿನದೂ ಪಂಪಿನದೂ ನೋಡಿ.

ಗುಬ್ಬಿ ರಾಗಿಹೊಲ

ಸಿಕ್ಕಿತು! ಕ್ರ್ಯಾಂಕ್ ಸರಿ, ಕ್ಯಾಮ್ ಸರಿ, ಪಂಪ್ ಗೇರ್ ಒಂದು ಹಲ್ಲು ಹಿಂದೆ ಕೂತಿತ್ತು. ಗೇರ್ ಹೊರಗೆ ತೆಗೆದು ಚುಕ್ಕಿಗೆ ಚುಕ್ಕಿ ಕೂಡಿಸಿ ಹಾಕಿದರು. ಪಂಪನ್ನು ಫ್ಲೇಂಜ್ ಗೀಟಿಗೆ ವಾಪಸ್ ತಂದರು, ಒಳಗಿನ ಅಕ್ಷರದ ಗೀಟೂ ಕೂಡಿತು. ಇವತ್ತು ಬೆಳಗ್ಗೆ ತಣ್ಣನೆ ಇಂಜಿನ್ ಸೆಲ್ಫ್ ಮುಟ್ಟಿದ ತಕ್ಷಣ ಹಿಡಿಯಿತು. ಕಲ್ಟಿವೇಟರ್ ಹಳೇ ಗೇರಿನಲ್ಲೇ ಎಳೆಯುತ್ತಿದೆ. ಹದ ಆರುವ ಮೊದಲು ಉಳುಮೆ ಮುಗಿಯುತ್ತದೆ. ಗ್ಯಾರೇಜಿನವರಿಗೆ ಫೋಟೊ ತೋರಿಸಿದೆ, ಕವರ್ ಬಿಚ್ಚಿದ ಕೂಲಿ ಅವರೇ ಕೊಡಲು ಒಪ್ಪಿದ್ದಾರೆ. ನಿಮಗೆಲ್ಲರಿಗೂ ಮನಸಾರೆ ಧನ್ಯವಾದ.

ಹಳೇ ಮೇಸ್ತ್ರಿ, ತುಮಕೂರು

ಬಹಳ ಸಂತೋಷ ಆಯಿತು. ತಡವಾಗಿ ಡೀಸೆಲ್ ಬಿದ್ದ ಇಂಜಿನಿನಲ್ಲಿ ಉರಿಯದ ಡೀಸೆಲ್ ಆಯಿಲ್ ಚೇಂಬರಿಗೆ ಇಳಿದಿರಬಹುದು. ಡಿಪ್ ಸ್ಟಿಕ್ ತೆಗೆದು ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದರೆ, ಆಯಿಲ್ ಮಟ್ಟ ಏರಿದ್ದರೆ, ಭಾರದ ಕೆಲಸ ನಿಲ್ಲಿಸಿ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ. ಹೊಸ ಬೇರಿಂಗ್ ಉಳಿಯಬೇಕಲ್ವಾ.

ಶಿಡ್ಲಘಟ್ಟ ರೇಷ್ಮೆ

ನಮ್ಮದೂ ಗೊತ್ತಾಯಿತು ಅಣ್ಣ. ಎರಡನೇ ನಟ್ ಸಡಿಲಿಸಿದಾಗ ಶಬ್ದ ನಿಂತಿತು. ಪಂಪ್ ಮುಟ್ಟಲಿಲ್ಲ. ನಾಜಲ್ ರಿಪೇರಿಗೆ ಕೊಟ್ಟಿದ್ದೇವೆ. ವಾಪಸ್ ಹಾಕುವಾಗ ಏನಾದರೂ ನೋಡಿಕೊಳ್ಳಬೇಕಾ?

ಹಳೇ ಮೇಸ್ತ್ರಿ, ತುಮಕೂರು

ಹಳೇ ತಾಮ್ರದ ವಾಷರ್ ತಳದಲ್ಲೇ ಅಂಟಿಕೊಂಡಿರುತ್ತದೆ ಅಕ್ಕ, ಅದನ್ನು ಮರೆಯದೆ ತೆಗೆಸಿ, ಹೊಸದು ಒಂದೇ ಹಾಕಿಸಿ. ಎರಡು ವಾಷರ್ ಕೂತರೆ ನಾಜಲ್ ಮೇಲಕ್ಕೆ ಬಂದು ಸ್ಪ್ರೇ ಜಾಗ ತಪ್ಪುತ್ತದೆ. ಎರಡೂ ಬದಿಯ ನಟ್ ಸಮವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಲಿ.